ಸಿಂಗಾಪುರ: ರೈತರು ನೋಡಬೇಕಾದ್ದು, ಜೋಪಾನ ಮಾಡಬೇಕಾದ್ದು

ಬಯಲುಸೀಮೆ ರೈತರಿಗೆ ವಿದೇಶ ಅಂದ್ರೆ ದೂರದ ಮಾತು. ಆದರೆ ಈಗ ಹಳ್ಳಿಗಳಿಂದಲೂ ಹುಡುಗರು ಹೊರದೇಶಕ್ಕೆ ದುಡಿಯಲು ಹೋಗಿದ್ದಾರೆ. "ಒಂದ್ಸಲ ಬಂದು ನೋಡ್ಕಂಡು ಹೋಗಿ" ಅಂತ ಮನೆಯವರನ್ನು ಕರೆಯುತ್ತಾರೆ. ಹಾಗೆ ಕರೆ ಬಂದವರಿಗೆ ಉಪಯೋಗವಾಗಲಿ ಅಂತ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಸಿಂಗಾಪುರದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ. 2023ರ ಬರದಲ್ಲಿ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೈಕೊಟ್ಟಿತ್ತು. ನನ್ನ ಬೋರೂ ನಿಂತಿತ್ತು. ಹೊಲದಲ್ಲಿ ಮಾಡೋ ಕೆಲಸವೇ ಇರಲಿಲ್ಲ. "ಟಿಕೆಟ್ ನಾನು ಮಾಡಿಸ್ತೀನಿ ಮಾವ, ಅತ್ತೇನೂ ಕರ್ಕಂಡು ಬನ್ನಿ" ಅಂದ. 2024ರ ಮಾರ್ಚ್ ಕೊನೆಗೆ ಹೋಗಿ ಐದು ದಿನ ಇದ್ದು ಬಂದೆವು.

ಹೊರಡುವ ಮೊದಲು

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ವೀಸಾ ಮೊದಲೇ ಮಾಡಿಸಬೇಕು. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಫೋನಿನಲ್ಲೇ ಒಂದು ಆಗಮನ ಕಾರ್ಡು ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ಕೊಡಬೇಡಿ.

ಎಲೆಅಡಿಕೆ ಚೀಲದವರಿಗೆ ಒಂದು ಮಾತು. ಅಗಿಯುವ ತಂಬಾಕನ್ನು ಆ ದೇಶಕ್ಕೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದ ಸಾಲಿನಲ್ಲಿ ನಮ್ಮ ಮುಂದಿದ್ದ ಹಿರಿಯರೊಬ್ಬರ ಚೀಲ ಬಿಚ್ಚಿಸಿ ಹೊಗೆಸೊಪ್ಪು ತೆಗೆಸಿದರು. ಪಾಪ, ಬಹಳ ಹೊತ್ತು ನಿಲ್ಲಿಸಿಕೊಂಡರು. ನಾವು ಒಯ್ದ ಒಣ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಯಾರೂ ಏನೂ ಅನ್ನಲಿಲ್ಲ. ಅಲ್ಲಿಯ ಕರೆಂಟಿನ ಪ್ಲಗ್ಗು ಚಪ್ಪಟೆ ಮೂರು ಕಡ್ಡಿಯದು. ನಮ್ಮ ಚಾರ್ಜರು ಹಿಡಿಸುವುದಿಲ್ಲ. ಅದಕ್ಕೊಂದು ಅಡಾಪ್ಟರ್ ಇಟ್ಟುಕೊಳ್ಳಿ. ಹೊಸ ಬೂಟು ಮಾತ್ರ ಬೇಡ. ಮನೆಯಾಕೆಗೆ ಎರಡನೇ ದಿನವೇ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಆಮೇಲೆ ಹಳೇ ಚಪ್ಪಲಿಯೇ ಗತಿಯಾಯಿತು.

ಊಟ, ವಸತಿ

ದುಡಿಯುವ ಹುಡುಗರು ಇರುವ ಕಡೆ ನೆಂಟರಿಗೆ ಜಾಗವಿಲ್ಲ. ಲಿಟ್ಲ್ ಇಂಡಿಯಾ ಅನ್ನೋ ಪೇಟೆಯಲ್ಲಿ ಸಣ್ಣ ರೂಮು ಹಿಡಿದೆವು. ತಮಿಳು ಅಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ನನ್ನ ಮುರುಕು ತಮಿಳಲ್ಲೇ ಕೆಲಸ ನಡೆಯಿತು. ಇಡ್ಲಿ, ದೋಸೆ, ಅನ್ನ ಸಾರು ಎಲ್ಲಾ ಸಿಗುತ್ತೆ. ನಲ್ಲಿ ನೀರನ್ನೇ ಕುಡಿಯಬಹುದು. ಬಾಟಲಿಗೆ ದುಡ್ಡು ಸುರಿಯಬೇಕಾಗಿಲ್ಲ.

ಅಲ್ಲೇ ಟೆಕ್ಕಾ ಸೆಂಟರ್ ಅಂತ ಮಾರ್ಕೆಟ್ ಇದೆ. ಬೆಳಿಗ್ಗೆ ಹೋಗಿ ನೋಡಿ. ನುಗ್ಗೆಕಾಯಿ, ಕರಿಬೇವು, ಬೆಂಡೆ ಎಲ್ಲಾ ಜೋಡಿಸಿಟ್ಟಿರುತ್ತಾರೆ. ಆ ದೇಶ ತಿನ್ನೋದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತೆ. ಊಟದ ಕಟ್ಟೆಗಳಲ್ಲಿ ಉಂಡ ತಟ್ಟೆಯನ್ನು ನಾವೇ ಎತ್ತಿ ಅದರ ಜಾಗದಲ್ಲಿಡಬೇಕು. 2021ರಿಂದ ಇದು ಕಡ್ಡಾಯ.

ರೈಲಿನಲ್ಲಿ ಹುಷಾರು

ನೆಲದಡಿಯ ರೈಲು ಬಹಳ ಸಲೀಸು. ಆದರೆ ಒಳಗೆ ತಿನ್ನೋ ಹಾಗಿಲ್ಲ, ನೀರೂ ಕುಡಿಯೋ ಹಾಗಿಲ್ಲ. ದಂಡ 500 ಡಾಲರ್‌ವರೆಗೆ ಇದೆ. ನಾವು ಹೋದಾಗ ಒಂದು ಡಾಲರ್‌ಗೆ 60 ರೂಪಾಯಿಗಿಂತ ಮೇಲಿತ್ತು. ಲೆಕ್ಕ ನೀವೇ ಹಾಕಿ.

ಮೂರನೇ ದಿನ ಸಂಜೆ ಜನಜಂಗುಳಿಯಲ್ಲಿ ಮನೆಯಾಕೆ ಒಳಗೆ ಹೋದಳು, ನಾನು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಆಕೆಯ ಮುಖ ಕಂಡಿತು, ರೈಲು ಹೋಯಿತು. ಆಕೆಗೆ ಓದು ಬರಹ ಬಾರದು, ಕೈಲಿ ಫೋನೂ ಇಲ್ಲ. ಆದರೆ ಅಳಿಯ ಮೊದಲೇ ಹೇಳಿದ್ದ: "ತಪ್ಪಿಸ್ಕಂಡ್ರೆ, ಒಳಗಿದ್ದೋರು ಮುಂದಿನ ಸ್ಟೇಷನ್ನಲ್ಲಿ ಇಳಿದು ಅಲ್ಲೇ ನಿಂತ್ಕಳಿ. ಹೊರಗಿದ್ದೋರು ಮುಂದಿನ ರೈಲಲ್ಲಿ ಬನ್ನಿ." ನಾಲ್ಕೈದು ನಿಮಿಷಕ್ಕೆ ಬಂದ ರೈಲು ಹತ್ತಿ ಹೋದೆ. ಇಳಿದ ಜಾಗದಲ್ಲೇ ಕಂಬ ಹಿಡಿದು ನಿಂತಿದ್ದಳು. ಈ ನಿಯಮ ಮಾತಾಡಿಕೊಳ್ಳದೆ ರೈಲು ಹತ್ತಬೇಡಿ. ರೂಮಿನ ವಿಳಾಸದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ.

ದುಡ್ಡಿಲ್ಲದೆ ನೋಡುವ ಜಾಗ

ಒಂದು ದಿನ ಬಸ್ಸಿನ ಟೂರು ತಗೊಂಡಿದ್ದೆವು. ಚಾಕೊಲೇಟ್ ಅಂಗಡಿ, ವಾಚಿನ ಅಂಗಡಿ ಅಂತ ಅರ್ಧ ದಿನ ಅಲ್ಲೇ ಕಳೆಸಿದರು. ನಮಗೆ ಸಂತೋಷ ಕೊಟ್ಟದ್ದು ಪುಕ್ಕಟೆ ಜಾಗಗಳೇ.

ಮೊದಲನೆಯದು ಬೊಟಾನಿಕ್ ಗಾರ್ಡನ್ಸ್. 1859ರಲ್ಲಿ ಶುರುವಾದ ತೋಟ. ರಬ್ಬರ್ ಬೆಳೆಯುವವರು ನೋಡಲೇಬೇಕು. 1877ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ರಬ್ಬರ್ ಸಸಿ ಇಲ್ಲಿಗೆ ಬಂದವು. 1888ರಲ್ಲಿ ಇದರ ಮೇಲ್ವಿಚಾರಣೆಗೆ ಬಂದ ರಿಡ್ಲೆ ಅನ್ನುವವರು, ಮರ ಸಾಯದ ಹಾಗೆ ತೊಗಟೆ ಕೊಯ್ದು ಹಾಲಿಳಿಸುವ ಪದ್ಧತಿಯನ್ನು ಇಲ್ಲೇ ರೂಢಿಗೆ ತಂದರು. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್.

ಎರಡನೆಯದು ಗಾರ್ಡನ್ಸ್ ಬೈ ದ ಬೇ. ಹೊರಗಿನ ತೋಟ ಪುಕ್ಕಟೆ, ಗಾಜಿನ ಮನೆಗಳಿಗೆ ಟಿಕೆಟ್. ತಂಪು ಮಾಡಿದ ಗಾಜಿನ ಮನೆಯಲ್ಲಿ ಒಣಸೀಮೆಯ ಕಳ್ಳಿ ಗಿಡ ಸಾಕಿದ್ದಾರೆ. "ನಮ್ಮ ಬದುವಿನ ಕಳ್ಳಿಗೆ ಇಲ್ಲಿ ಎ.ಸಿ. ಹಾಕವ್ರೆ" ಅಂತ ಮನೆಯಾಕೆ ನಕ್ಕಳು.

ಮಳೆ ಹಿಡಿಯುವ ಊರು

ಮೂರನೆಯದು ಮರೀನಾ ಬ್ಯಾರೇಜ್. ಬಯಲುಸೀಮೆಯವರು ಇದೊಂದನ್ನು ಬಿಡಬಾರದು. ಇಡೀ ಸಿಂಗಾಪುರ ನಮ್ಮ ಚಳ್ಳಕೆರೆ ತಾಲ್ಲೂಕಿಗಿಂತ ಚಿಕ್ಕದು. ವರ್ಷಕ್ಕೆ ಸುಮಾರು 2,400 ಮಿ.ಮೀ. ಮಳೆ. ನಮಗೆ 500 ಬಂದರೆ ಪುಣ್ಯ. ಆದರೂ ಅವರಿಗೆ ನೀರಿನ ಕಷ್ಟ, ಯಾಕಂದ್ರೆ ನಿಲ್ಲಿಸಲು ನೆಲವಿಲ್ಲ. 1962ರ ಒಪ್ಪಂದದಂತೆ ಮಲೇಶಿಯಾದಿಂದ ನೀರು ತರುತ್ತಾರೆ. ಅದು 2061ಕ್ಕೆ ಮುಗಿಯುತ್ತೆ. ಅದಕ್ಕೇ ಮೂರರಲ್ಲಿ ಎರಡು ಪಾಲು ನೆಲದ ಮಳೆನೀರನ್ನು ಚರಂಡಿ, ಕಾಲುವೆಗಳಿಂದ 17 ಜಲಾಶಯಗಳಿಗೆ ತಿರುಗಿಸಿದ್ದಾರೆ.

ನಗರದ ಬಾಯಲ್ಲೇ, ಸಮುದ್ರಕ್ಕೆ ಅಡ್ಡಲಾಗಿ 350 ಮೀಟರ್ ಏರಿ ಹಾಕಿ 2008ರಲ್ಲಿ ಈ ಬ್ಯಾರೇಜ್ ತೆರೆದರು. ಒಳಗಿದ್ದ ಉಪ್ಪು ನೀರು ಮಳೆ ಬಿದ್ದು ಬಿದ್ದು 2010ರ ಹೊತ್ತಿಗೆ ಸಿಹಿಯಾಯಿತು. ಜೋರು ಮಳೆಯಾದಾಗ ಸಮುದ್ರ ಇಳಿದಿದ್ದರೆ ಗೇಟು ತೆರೆಯುತ್ತಾರೆ. ಏರಿದ್ದರೆ ಏಳು ಪಂಪುಗಳಿಂದ ಹೊರಗೆ ಎತ್ತುತ್ತಾರೆ. ಒಂದೊಂದು ಪಂಪು ಸೆಕೆಂಡಿಗೆ 40,000 ಲೀಟರ್ ಎತ್ತಬಲ್ಲದು. ಅಂದ್ರೆ ಕಣ್ಣು ಮಿಟುಕಿಸೋದರಲ್ಲಿ 5,000 ಲೀಟರಿನ ಎಂಟು ಟ್ಯಾಂಕರ್.

ಭಾನುವಾರ ಅಳಿಯನ ಜತೆ ಹೋಗಿದ್ದೆವು. ಚಾವಣಿ ಮೇಲೆ ಹುಲ್ಲು ಬೆಳೆಸಿದ್ದಾರೆ, ಅಲ್ಲಿ ಕೂತಿದ್ದೆವು. ಮಧ್ಯಾಹ್ನ ಇದ್ದಕ್ಕಿದ್ದಂತೆ ಸಿಡಿಲು ಮಳೆ. ಕಾವಲಿನವರು ಎಲ್ಲರನ್ನೂ ಕೆಳಗಿಳಿಸಿದರು. ಇಳಿಯುವಷ್ಟರಲ್ಲಿ ಮೂವರೂ ತೊಯ್ದು ತೊಪ್ಪೆ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಮುದ್ದೆ. ಮಧ್ಯಾಹ್ನದ ಮಳೆ ಅಲ್ಲಿ ಮಾಮೂಲು, ಕೊಡೆ ಬಿಟ್ಟು ಹೊರಡಬೇಡಿ. ನಾನಂತೂ ನೀರು ನೋಡುತ್ತಾ ನಿಂತೆ. ಒಂದು ಗಳಿಗೆಯಲ್ಲಿ ಬಿದ್ದ ಮಳೆ ನಮ್ಮ ಶೇಂಗಾವನ್ನು ಉಳಿಸುತ್ತಿತ್ತು. ನಮ್ಮೂರ ಕೆರೆಗೆ ನೀರು ತರುವ ಹಳ್ಳದಲ್ಲಿ ಜಾಲಿ ಬೆಳೆದು ಎಷ್ಟು ವರ್ಷವಾಯಿತು ಅಂತ ನೆನಪಾಯಿತು.

ಅಳಿಯ ಮೆಲ್ಲಗೆ ಅಂದ: "ನಾಲ್ಕು ವರ್ಷ ಆತು ಮಾವ ಬಂದು. ಇದನ್ನ ನಾನೂ ಇವತ್ತೇ ನೋಡಿದ್ದು."

ವಾರಕ್ಕೊಂದು ರಜಾ. ಅವತ್ತು ಬಟ್ಟೆ ಒಗೆಯಬೇಕು, ಊರಿಗೆ ದುಡ್ಡು ಕಳಿಸಬೇಕು, ಮಲಗಬೇಕು. ಅದಕ್ಕೇ ಹೇಳೋದು, ಹೋಗುವವರು ಮೊದಲು ಹುಡುಗನ ರಜಾ ಯಾವತ್ತು ಅಂತ ಕೇಳಿ, ಆಮೇಲೆ ಟಿಕೆಟ್ ಮಾಡಿಸಿ. ಉಳಿದ ಜಾಗ ನೀವೇ ನೋಡಿಕೊಳ್ಳಿ. ಆ ದಿನ ಅವನೂ ನೋಡದ ಜಾಗಕ್ಕೆ ಅವನನ್ನು ಕರೆದುಕೊಂಡು ಹೋಗಿ. ರೊಟ್ಟಿ ಮಾತ್ರ ಎರಡು ಪ್ಲಾಸ್ಟಿಕ್ ಸುತ್ತಿ ಒಯ್ಯಿರಿ.