ಕಾರ್ಡು ತಮಿಳುನಾಡಿನದು, ಆಸ್ಪತ್ರೆ ಚಾಮರಾಜನಗರದ್ದು

ತಾಳವಾಡಿ ಬೆಟ್ಟದ ಊರುಗಳು ಕಾಗದದಲ್ಲಿ ಈರೋಡು ಜಿಲ್ಲೆಗೆ ಸೇರಿದವು. ಎದೆನೋವು ಬಂದಾಗ, ಹೆರಿಗೆ ಕಷ್ಟವಾದಾಗ ಮಾತ್ರ ಎಷ್ಟೋ ಮನೆಯವರ ಗಾಡಿ ತಿರುಗುವುದು ಚಾಮರಾಜನಗರದ ಕಡೆಗೆ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಸೇರುವವರೆಗೆ ರೋಗಿ ತಡೆಯಬೇಕಲ್ಲ! ರೋಗಿಯೇನೋ ಸಲೀಸಾಗಿ ಗಡಿ ದಾಟುತ್ತಾನೆ. ಅವನ ಚಿಕಿತ್ಸೆಯ ದುಡ್ಡು ದಾಟುವಾಗ ತೊಡಕು ಶುರು.

“ತಮಿಳುನಾಡು ಕಾರ್ಡು ಕರ್ನಾಟಕದಲ್ಲಿ ನಡೆಯೋದಿಲ್ಲ.”

ಇದು ಅರ್ಧ ನಿಜ. ತಮಿಳುನಾಡಿನ ಸರ್ಕಾರಿ ಆರೋಗ್ಯ ವಿಮೆ ಶುರುವಾದದ್ದು 2009ರಲ್ಲಿ. 2012ರಲ್ಲಿ ಹೆಸರು ಬದಲಾಯಿತು, 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿಕೊಂಡಿತು. ಆಯುಷ್ಮಾನ್ ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಕೈಯಿಂದ ದುಡ್ಡು ಕೊಡದೆ ಚಿಕಿತ್ಸೆ ಪಡೆಯುವ ಅವಕಾಶವಿದೆ. ರಾಜ್ಯದ ಪಟ್ಟಿಯಲ್ಲಿ ಮಾತ್ರ ಇರುವವರ ಮಾತು ಬೇರೆ. ನಾವು ಯಾವ ಪಟ್ಟಿಯಲ್ಲಿದ್ದೇವೆ ಎಂದು ಆರಾಮಾಗಿರುವಾಗಲೇ 14555ಕ್ಕೆ ಫೋನ್ ಮಾಡಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು; ಆಂಬುಲೆನ್ಸಿನಲ್ಲಿ ಕೂತು ಕೇಳುವ ಪ್ರಶ್ನೆ ಅದಲ್ಲ.

“ಕ್ಲೇಮ್ ತಿರಸ್ಕಾರವಾದರೆ ಬಿಲ್ಲಿಂಗ್‌ನವರ ತಪ್ಪು.”

ಆಸ್ಪತ್ರೆಯ ಆಡಳಿತ ಮಂಡಳಿಯವರು ಬಹುಮಟ್ಟಿಗೆ ನಂಬಿರುವುದು ಇದನ್ನೇ. ಆದರೆ ಎಡವಟ್ಟು ನಡೆದಿರುವುದು ಬಿಲ್ಲಿಂಗ್‌ಗಿಂತ ಎಷ್ಟೋ ಮೊದಲು, ನೋಂದಣಿ ಕೌಂಟರಿನಲ್ಲಿ. ತಾಳವಾಡಿಯ ಬಸಪ್ಪ ಎಂಬೊಬ್ಬರು ಬಂದರು ಅನ್ನಿ. ತಮಿಳಿನಲ್ಲಿ ಬ, ಪ ಎರಡಕ್ಕೂ ಒಂದೇ ಅಕ್ಷರ. ರೇಷನ್ ಕಾರ್ಡಿನಿಂದ ಇಂಗ್ಲಿಷಿಗೆ ಇಳಿಯುವಾಗ ಅವರು ಪಸಪ್ಪ ಆಗಿಬಿಡಬಹುದು. ಆಧಾರ್‌ನಲ್ಲಿ ಬಸಪ್ಪ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರ ಕಿವಿಗೆ ಕೇಳಿಸಿದಂತೆ ಬಸವಪ್ಪ. ಮೂರು ಕಾಗದ, ಮೂವರು ಮನುಷ್ಯರು! ವಿಮೆಯವರಿಂದ ಕ್ಯೂರಿ ಬರುತ್ತದೆ. ಉತ್ತರ ಕೊಡಲು ರೋಗಿಯನ್ನು ಹುಡುಕಿದರೆ ಅವರು ಬೆಟ್ಟದ ಮೇಲೆ, ಹೊಲದಲ್ಲಿ.

ಇನ್ನೊಂದು ಸೋರಿಕೆ ವಾರ್ಡಿನಲ್ಲೇ ಇದೆ. ಮುರಿದ ಮೂಳೆಗೆ ಪ್ಲೇಟ್ ಹಾಕಿದರೆ ಆಪರೇಷನ್‌ಗೆ ಮುಂಚಿನ, ನಂತರದ ಎಕ್ಸ್‌ರೇ ಎರಡೂ ಬೇಕು. ಕೆಲಸ ಸೊಗಸಾಗಿ ಆಗಿರುತ್ತದೆ, ನಂತರದ ಎಕ್ಸ್‌ರೇ ಅಪ್‌ಲೋಡ್ ಆಗಿರುವುದಿಲ್ಲ. ಇದನ್ನು ಬಿಲ್ಲಿಂಗ್ ಹುಡುಗ ಎಲ್ಲಿಂದ ತಂದಾನು?

“ಸರ್ಕಾರಿ ಆಸ್ಪತ್ರೆ ಹೇಗೂ ಪುಕ್ಕಟೆ, ಕಾರ್ಡು ಯಾಕೆ?”

ಚಿಕಿತ್ಸೆ ಪುಕ್ಕಟೆಯೇ ಇರಲಿ, ಕಾರ್ಡು ತೋರಿಸಿ. ಎರಡೂ ರಾಜ್ಯಗಳಲ್ಲಿ ಸರ್ಕಾರಿ ಆಸ್ಪತ್ರೆಗಳೂ ಈ ಯೋಜನೆಯಲ್ಲಿ ಕ್ಲೇಮ್ ಹಾಕುತ್ತವೆ. ಬಂದ ದುಡ್ಡು ಔಷಧಿ, ಉಪಕರಣದಂಥ ಆಸ್ಪತ್ರೆಯ ಖರ್ಚಿಗೇ ಆಗುತ್ತದೆ. ಕಾರ್ಡು ಮನೆಯಲ್ಲೇ ಉಳಿದರೆ ಆ ದುಡ್ಡು ಬರುವುದಿಲ್ಲ.

“ಹೆಚ್ಚು ದಿನ ಮಲಗಿಸಿಕೊಂಡರೆ ಆಸ್ಪತ್ರೆಗೆ ಹೆಚ್ಚು ಲಾಭ” ಎನ್ನುವ ಗುಮಾನಿ ರೋಗಿಗಳದು. ಆಪರೇಷನ್‌ಗಳಿಗೆ ಇಲ್ಲಿ ಪ್ಯಾಕೇಜ್ ದರ. ದಿನ ಹೆಚ್ಚಿದರೆ ಖರ್ಚು ಏರುತ್ತದೆ, ದರ ಏರುವುದಿಲ್ಲ. ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧಿಯೂ ಆಯುಷ್ಮಾನ್ ಪ್ಯಾಕೇಜಿನೊಳಗೇ ಸೇರಿದೆ. ಹೊರಗಿನ ಮೆಡಿಕಲ್ ಶಾಪಿಗೆ ಚೀಟಿ ಬರೆದುಕೊಟ್ಟರೆ ಯಾಕೆಂದು ಕೇಳಬೇಕು.

ಕೊನೆಯದು ಮಾಲೀಕರ ನಂಬಿಕೆ: “ಹೊಸ ಸಾಫ್ಟ್‌ವೇರ್ ಹಾಕಿದರೆ ಎಲ್ಲ ಸರಿಹೋಗುತ್ತದೆ.” ತಪ್ಪು ಹೆಸರನ್ನು ಅದು ಇನ್ನೂ ಬೇಗ ಕಳಿಸುತ್ತದೆ, ಅಷ್ಟೆ. ಅದಕ್ಕಿಂತ ಮೊದಲು ಹೋದ ಮೂರು ತಿಂಗಳ ತಿರಸ್ಕೃತ ಕ್ಲೇಮ್‌ಗಳನ್ನು ಮೇಜಿನ ಮೇಲೆ ಹರವಿಕೊಂಡು ಕಾರಣದ ಪ್ರಕಾರ ವಿಂಗಡಿಸಬೇಕು: ಹೆಸರು, ಪೂರ್ವಾನುಮತಿ, ವೈದ್ಯರ ಟಿಪ್ಪಣಿ, ತಡವಾಗಿ ಕಳಿಸಿದ್ದು. ಯಾವ ಗುಡ್ಡೆ ದೊಡ್ಡದೋ ಅಲ್ಲಿಂದ ರಿಪೇರಿ. ಹೊರರಾಜ್ಯದವರ ಕ್ಲೇಮ್‌ಗಳನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಆಯುಷ್ಮಾನ್ ನಿಯಮದಂತೆ ರಾಜ್ಯದೊಳಗಿನ ಕ್ಲೇಮ್‌ಗೆ 15 ದಿನದಲ್ಲಿ ಹಣ ಬರಬೇಕು, ಗಡಿಯಾಚೆಯ ರೋಗಿಯದಕ್ಕೆ 30 ದಿನದ ಗಡುವು. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ತಡವಾಗಿರುವುದು ಯಾವುದು, ಇನ್ನೂ ಗಡುವಿನೊಳಗೆ ಇರುವುದು ಯಾವುದು ಎಂದು ಅಕೌಂಟೆಂಟಿಗೂ ತಿಳಿಯುವುದಿಲ್ಲ.