ಮಾಳಿಗೆಯ ಮೇಲೆ ಡಿಶ್: ಆಗ್ನೇಯಕ್ಕೆ ಮುಖ, ತಂತಿಗೆ ದೂರ

1975–76ರಲ್ಲಿ ರಾಯಚೂರು, ಅಂದಿನ ಬಿಜಾಪುರ ಮತ್ತು ಗುಲ್ಬರ್ಗಾ ಜಿಲ್ಲೆಗಳ ಕೆಲವು ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕೃಷಿ ಕಾರ್ಯಕ್ರಮ ಬಂದಿತ್ತು. ಆಗ ಊರಿಗೊಂದು ಟಿ.ವಿ.; ಈಗ ಮನೆಮನೆಗೂ ಡಿಶ್ ಕೂರಿಸಬಹುದು. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ. ಡಿಶ್, ಬಾಕ್ಸ್, ಕೇಬಲ್ ಕೊಳ್ಳುವ ಖರ್ಚಷ್ಟೇ. ಚಂದನ ಹಾಗೂ 2015ರಲ್ಲಿ ಆರಂಭವಾದ ಡಿಡಿ ಕಿಸಾನ್ ಅದರಲ್ಲಿ ಸಿಗುತ್ತವೆ.

ಉಪಗ್ರಹವಿರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ; ನಮ್ಮ ರಾಜ್ಯಕ್ಕೆ ಅದು ಆಗ್ನೇಯ ದಿಕ್ಕು. ಆ ಕಡೆ ತೆಂಗಿನ ಗರಿ, ಗೋಡೆ ಅಡ್ಡವಿರಬಾರದು. ಕಂಬವನ್ನು ಅಲುಗದಂತೆ ನೆಟ್ಟಗೆ ನಿಲ್ಲಿಸಿ. ಡಿಶ್ಶನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಟಿ.ವಿ. ಪರದೆಯಲ್ಲಿ ಸಿಗ್ನಲ್ ಪಟ್ಟಿ ಏರಿದಲ್ಲಿ ನಟ್ಟು ಬಿಗಿಯಿರಿ.

ವಿದ್ಯುತ್ ತಂತಿಯ ಹತ್ತಿರ ಕಬ್ಬಿಣದ ಕಂಬ ಎತ್ತಲೇಬೇಡಿ, ಪ್ರಾಣ ಹೋದೀತು. ಮುಂಗಾರಿನ ಮೋಡ ಕವಿದರೆ, ಗುಡುಗು ಕೇಳುವ ಮೊದಲೇ ಪ್ಲಗ್ಗು, ಕೇಬಲ್ ಎರಡನ್ನೂ ಕಳಚಿಡಿ. ತಪ್ಪಿದ ಕಾರ್ಯಕ್ರಮವನ್ನು ಇನ್ನೊಮ್ಮೆ ನೋಡಬಹುದು.