ಹೆಳವರ ಹೊತ್ತಿಗೆ, ತವರಿನ ಗೆರೆ

ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ವಂಶಾವಳಿ ಓದುವ ಹೆಳವರು ಬರುತ್ತಾರೆ. ಹಿಂದೆಲ್ಲ ಎತ್ತಿನ ಮೇಲೆ, ಗಂಟೆ ಬಾರಿಸುತ್ತ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಬಟ್ಟೆ ಬಿಚ್ಚಿ ಹೊತ್ತಿಗೆ ತೆಗೆದು, "ಯಜಮಾನ್ರ, ನಿಮ್ಮ ಮುತ್ಯಾನ ಹೆಸರೇನ್ರಿ?" ಎನ್ನುತ್ತಾರೆ. ಹೆಸರು ಸಿಕ್ಕಿತೋ, ಓದು ಶುರು: ಮೂಲಪುರುಷ ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದ, ಬೆಡಗು (ಕುಲದ ಕವಲು) ಯಾವುದು, ಮನೆದೇವರು ಯಾವುದು. ಹೋದ ಸಲ ಬಂದು ಹೋದಮೇಲೆ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕೊಟ್ಟ ಕಾಳು ಕಡಿ, ದುಡ್ಡು ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಯಾವ ಮನೆತನ ಯಾವ ಹೆಳವರಿಗೆ ಎಂಬುದು ತಲೆಮಾರುಗಳಿಂದ ಹಂಚಿಕೆಯಾದದ್ದು. ಈ ಕಸುಬು ಬಸವಣ್ಣನವರಿಂದ ಬಂತೆಂಬುದು ಅವರ ಐತಿಹ್ಯ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ 1909ರ ತನ್ನ ಗ್ರಂಥದಲ್ಲಿ ಇವರನ್ನು ಊರಿನ ಚರಿತ್ರೆ ಮತ್ತು ವಂಶಾವಳಿ ಕಾಯುವವರೆಂದೇ ಗುರುತಿಸಿದ್ದಾನೆ.

ಹೊತ್ತಿಗೆಯನ್ನು ಎಷ್ಟು ನಂಬಬಹುದು? ನಮ್ಮ ಸೀಮೆಯಲ್ಲಿ ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಬಸಪ್ಪನ ಮಗ ಸಂಗಪ್ಪ, ಸಂಗಪ್ಪನ ಮಗ ಮತ್ತೆ ಬಸಪ್ಪ. ಒಂದೇ ಊರಿನಲ್ಲಿ ನಾಲ್ಕು ಬಸಪ್ಪಂದಿರಿದ್ದರೆ ಒಂದು ತಲೆಮಾರು ಜಾರಿಹೋಗುವುದೂ ಎರಡು ಸಲ ಎಣಿಕೆಯಾಗುವುದೂ ಸುಲಭ. ಅದಕ್ಕೇ ಜಾಣ ಶೋಧಕರು ಬರೀ ಹೆಸರು ನೋಡುವುದಿಲ್ಲ. ಅಣ್ಣತಮ್ಮಂದಿರ ಸಾಲು, ಹೆಂಡತಿಯ ತವರೂರು, ಹೊಲದ ಸರ್ವೆ ನಂಬರು ಕೂಡುತ್ತವೋ ನೋಡುತ್ತಾರೆ. ತಲೆಮಾರಿಗೆ ಇಪ್ಪತ್ತೈದರಿಂದ ಮೂವತ್ತು ವರ್ಷ ಹಿಡಿದು ಲೆಕ್ಕ ಹಾಕಿ, ಉತಾರ ಮತ್ತು ವಾರಸಾ ದಾಖಲೆಗಳ ಪಕ್ಕ ಇಟ್ಟರೆ ತಪ್ಪು ಹೊರಬೀಳುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಬಸವನ ಬಾಗೇವಾಡಿ ಭಾಗದ ಊರುಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದಮೇಲೆ, ಹಳೇ ಊರಿನ ಹೆಸರು ಹಿಡಿದು ಹುಡುಕುವವರಿಗೆ ಇಂಥ ಹೊತ್ತಿಗೆಗಳ ಬೆಲೆ ಹೆಚ್ಚಿದೆ.

ವಂಶಾವಳಿಗೆ ಕಲ್ಲಿನ ಸಾಕ್ಷಿ ಸಿಗುವುದು ಅಪರೂಪ. ಬಾಗೇವಾಡಿಗೆ ಆ ಭಾಗ್ಯವಿದೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಬಾಗೇವಾಡಿಯ ಮಾದಿರಾಜ, ಅವನ ಮಗ ಬಸವರಾಜ ಎಂದು ಬಸವಣ್ಣನವರ ಮನೆತನವನ್ನು ಹೇಳಿ, ಮುಂದಿನ ತಲೆಮಾರಿನವರ ಹೆಸರನ್ನೂ ಕೊಡುತ್ತದೆ. ಬಸವಣ್ಣನವರ ಕಾಲದ ಸುಮಾರು ನೂರು ವರ್ಷಗಳ ನಂತರ ಕೊರೆದದ್ದು.

ಜೀವವಿಜ್ಞಾನದಲ್ಲಿಯೂ ಒಂದು ದಾಖಲೆಯಿದೆ. ನಮ್ಮ 23 ಜೋಡಿ ವರ್ಣತಂತುಗಳಲ್ಲಿ ಗಂಡಸಿನ ವೈ ವರ್ಣತಂತು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಇಡಿಯಾಗಿ ದಾಟುತ್ತದೆ. ಅಪರೂಪಕ್ಕೆ ಆಗುವ ಸಣ್ಣ ಬದಲಾವಣೆಗಳನ್ನು ಎಣಿಸಿ ಇಬ್ಬರು ಗಂಡಸರ ಮೂಲಪುರುಷ ಅಂದಾಜು ಎಷ್ಟು ತಲೆಮಾರು ಹಿಂದಿದ್ದ ಎಂದು ಹೇಳಬಹುದು. ಹೆಳವರು ಓದುವುದೂ ಮುಖ್ಯವಾಗಿ ಇದೇ ಗೆರೆಯನ್ನು. ಆದರೆ ಎರಡೂ ಎಲ್ಲ ಕಾಲಕ್ಕೂ ಹೊಂದಬೇಕೆಂದಿಲ್ಲ. ಮಕ್ಕಳಿಲ್ಲದ ಮನೆ ಬೇರೆ ವಂಶದ ಹುಡುಗನನ್ನು ದತ್ತಕ ತೆಗೆದುಕೊಂಡಿತು ಎನ್ನಿ: ಹೊತ್ತಿಗೆಯಲ್ಲಿ ವಂಶ ಮುಂದುವರಿಯಿತು, ವೈ ವರ್ಣತಂತು ಬೇರೆಯಾಯಿತು. ಹೊಲ, ಮನೆ, ದೇವರ ಪಾಳಿ ಯಾರಿಗೆ ಎಂದು ಕೇಳಿದರೆ ಹೊತ್ತಿಗೆಯೇ ಸರಿ. ರಕ್ತ ಯಾರದು ಎಂದು ಕೇಳಿದರೆ ಪ್ರಯೋಗಾಲಯ ಸರಿ. ಈ ಎರಡು ಪ್ರಶ್ನೆಗಳನ್ನು ಕಲೆಸಿಕೊಂಡು ಮನೆಯಲ್ಲಿ ಜಗಳ ಹಚ್ಚುವವರೇ ಹೆಚ್ಚು.

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿವೆ. ವೈ ವರ್ಣತಂತು ಹೇಳುವುದು ಅದರಲ್ಲಿ ಒಬ್ಬನ ಕಥೆ. ಅಷ್ಟೂ ಸ್ಥಾನಗಳಲ್ಲಿ ಬೇರೆ ಬೇರೆ ಮಂದಿ ಇರುವುದೂ ಇಲ್ಲ, ನಮ್ಮಲ್ಲಂತೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ಕಾಲುಭಾಗಕ್ಕೂ ಮಿಕ್ಕಿ ಜನ ಸಂಬಂಧದಲ್ಲೇ ಮದುವೆಯಾದವರು. ಅಕ್ಕನ ಮಗಳನ್ನು ಮಾಡಿಕೊಂಡವನ ಮಗುವನ್ನು ನೋಡಿ: ಅಪ್ಪನ ಕಡೆಯ ಅಜ್ಜ ಅಜ್ಜಿಯೇ ತಾಯಿಯ ಕಡೆಯಿಂದ ಅದರ ಮುತ್ತಜ್ಜ ಮುತ್ತಜ್ಜಿ. ಆ ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮಾಡಿಕೊಂಡರೆ ಹದಿನಾರರಲ್ಲಿ ಒಂದು. ಒಂದು ಪ್ರತಿ ಕೆಟ್ಟಿದ್ದರೆ ಏನೂ ಆಗದ, ಎರಡೂ ಕೆಟ್ಟರೆ ಮಾತ್ರ ತೋರುವ ಹುಟ್ಟುಗಿವುಡು, ಥಲಸ್ಸೇಮಿಯದಂಥ ತೊಂದರೆಗಳು ಇಲ್ಲಿ ತಲೆಯೆತ್ತುತ್ತವೆ. ಇಂಥ ಮದುವೆಯಾದವರಲ್ಲಿ ಬಹುಪಾಲು ಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಒಂದೇ ಬೆಡಗಿನೊಳಗೆ ಮದುವೆಯಿಲ್ಲವೆಂಬ ಕಟ್ಟಳೆ ಇಂಥ ರಕ್ತಸಂಬಂಧದ ಮದುವೆಗಳನ್ನು ತಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಡೆಯುವುದಿಲ್ಲ. ಬೆಡಗು ಅಪ್ಪನ ಗೆರೆ ಹಿಡಿದು ಸಾಗುವುದರಿಂದ ಅದು ಕಾಯುವುದು ಅಷ್ಟನ್ನೇ. ಅಕ್ಕ ಮದುವೆಯಾಗಿ ಹೋದಮೇಲೆ ಅವಳ ಮಗಳಿಗೆ ಗಂಡನ ಮನೆಯ ಬೆಡಗು. ರಕ್ತ ಮಾತ್ರ ಅರ್ಧ ತವರಿನದು. ಕಟ್ಟಳೆ ಮುರಿಯದೆಯೇ ಸಂಬಂಧ ಮರಳಿ ಮನೆಗೆ ಬರುತ್ತದೆ.

ಆನುವಂಶಿಕ ರೋಗಗಳ ವೈದ್ಯರು ಮಾಡುವ ಮೊದಲ ಕೆಲಸವೂ ಹೆಳವರದ್ದೇ: ಕುಟುಂಬದ ವಿವರ ಕೇಳಿ ನಕ್ಷೆ ಬರೆಯುವುದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ; ಸಂಬಂಧದಲ್ಲಾದ ಮದುವೆಗೆ ಎರಡು ಗೆರೆ. ಕನಿಷ್ಠ ಮೂರು ತಲೆಮಾರಿನ ಮಾಹಿತಿ ಬೇಕು. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳನ್ನೂ ಬಿಡುವಂತಿಲ್ಲ. ಈ ಎರಡು ಗೆರೆ ಎಳೆಯಬೇಕೋ ಬೇಡವೋ ಎಂಬುದು ಒಂದೇ ಹೊತ್ತಿಗೆಯಿಂದ ಗೊತ್ತಾಗದು. ತವರಿನವರ ಹೆಳವ ಬೇರೆ, ಅವನ ಹೊತ್ತಿಗೆ ಬೇರೆ. ಆ ಮನೆಗೆ ಅವನು ಬಂದಾಗ ಅಕ್ಕತಂಗಿಯರನ್ನು ಯಾವ ಯಾವ ಊರಿಗೆ ಕೊಟ್ಟಿದೆಯೆಂದು ಬರೆಸಿ, ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.